ಸದ್ದಿಗೂ ಜಾತಿಯುಂಟೆ?

ಘಾಟ್ಕೋಪರಿನ ನಮ್ಮ ವಸತಿ ಸಂಕೀರ್ಣದ ಸಮಿತಿಯವರು ಕಳೆದ ಏಪ್ರಿಲ್‌ನಲ್ಲಿ ನನ್ನನ್ನು ಕರೆಸಿ, ಪೊಲೀಸರಿಗೆ ಕೊಡಲು ಒಂದು ಮನವಿಪತ್ರ ಬರೆದುಕೊಡಬೇಕೆಂದರು. ಕೇಂದ್ರ ಸರ್ಕಾರದ ನೌಕರ, ಮೇಲಾಗಿ ಇಂಗ್ಲಿಷ್ ಎಂ.ಎ.; ಇಂಥ ಕೆಲಸಗಳು ತಾವಾಗಿಯೇ ನನ್ನ ಪಾಲಿಗೆ ಬರುತ್ತವೆ. ವಿಷಯ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಮೆರವಣಿಗೆಯ ಡಿಜೆ ಸದ್ದು. ಕಿಟಕಿಯ ಗಾಜು ನಡುಗಿದ್ದು ನಿಜ. ಹೃದ್ರೋಗಿಯಾದ ನನ್ನ ತಾಯಿ ಅಂದು ನಿದ್ರಿಸಲಿಲ್ಲವೆಂಬುದೂ ನಿಜ. ಹಾಗಾಗಿ ಒಪ್ಪಿದೆ. ಆದರೆ ಅವರು ಕೊಟ್ಟ ಟಿಪ್ಪಣಿಯಲ್ಲಿ ಸದ್ದಿನ ಪ್ರಸ್ತಾಪ ಒಂದೇ ಸಾಲು. 'ಸಂಸ್ಕೃತಿಯಿಲ್ಲದ ಜನ' ಎಂಬ ಮಾತು ಮೂರು ಬಾರಿ ಇತ್ತು. ನನ್ನ ಲೇಖನಿ ಅಲ್ಲಿಗೆ ನಿಂತಿತು.

ಭೀಮಗೀತೆಗಳ ಕೆಳಗೆ ಮಿಡಿಯುವ ಆ ಯಾಂತ್ರಿಕ ತಾಳಕ್ಕೆ ಒಂದು ವಂಶಾವಳಿಯಿದೆ. 1977ರಲ್ಲಿ ಶಿಕಾಗೋ ನಗರದ 'ವೇರ್‌ಹೌಸ್' ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಎಂಬ ಕಪ್ಪು ಕಲಾವಿದ ಧ್ವನಿಮುದ್ರಿಕೆ ನುಡಿಸತೊಡಗಿದಾಗ, ಅಲ್ಲಿ ಕುಣಿಯಲು ಬರುತ್ತಿದ್ದವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳು. 'ಹೌಸ್' ಸಂಗೀತದ ಹೆಸರು ಆ ಕ್ಲಬ್ಬಿನಿಂದಲೇ ಬಂದದ್ದೆನ್ನುತ್ತಾರೆ. ಡೆಟ್ರಾಯಿಟ್‌ನಲ್ಲಿ 'ಟೆಕ್ನೋ' ಕಟ್ಟಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಕೂಡ ಕಪ್ಪು ತರುಣರೇ. 1979ರ ಜುಲೈ 12ರಂದು ಅದೇ ಶಿಕಾಗೋದ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಡಿಸ್ಕೋ ಮುದ್ರಿಕೆಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಗಮನಿಸಿದ್ದೇನೆಂದರೆ, ಜನ ತಂದಿದ್ದ ಮುದ್ರಿಕೆಗಳಲ್ಲಿ ಡಿಸ್ಕೋ ಅಲ್ಲದವೂ ಇದ್ದವು. ಅವು ಕಪ್ಪು ಗಾಯಕರವು ಎಂಬುದಷ್ಟೇ ಸಾಕಾಗಿತ್ತು. ಅವನೇ ಮುಂದೆ ಹೌಸ್ ಸಂಗೀತದ ಆರಂಭಕಾರರಲ್ಲಿ ಒಬ್ಬನಾದ.

ಇಂದು ಅದೇ ತಾಳ, 2007ರಲ್ಲಿ ಗೋವಾದಲ್ಲಿ ಶುರುವಾದ 'ಸನ್‌ಬರ್ನ್'ನಂಥ ಉತ್ಸವಗಳಲ್ಲಿ ದುಬಾರಿ ಟಿಕೆಟ್ಟಿನ ಮನರಂಜನೆ. ಅಲ್ಲಿಗೆ ಹೋಗಿಬರುವ ನಮ್ಮ ಸಂಕೀರ್ಣದ ಮಕ್ಕಳನ್ನು ಯಾರೂ ಸಂಸ್ಕೃತಿಯಿಲ್ಲದವರು ಎನ್ನುವುದಿಲ್ಲ.

ನಮ್ಮ ಪೂರ್ವಕ್ಕಿರುವ ರಮಾಬಾಯಿ ನಗರದವರಿಗೆ ಹಾಡೆಂದರೆ ಬರಿಯ ಮನರಂಜನೆಯಲ್ಲ. 1997ರ ಜುಲೈ 11ರಂದು ಅಲ್ಲಿನ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದವರ ಮೇಲೆ ಮೀಸಲು ಪೊಲೀಸರು ಗುಂಡು ಹಾರಿಸಿ ಹತ್ತು ಜನರನ್ನು ಕೊಂದರು. ನಾಲ್ಕು ದಿನಗಳ ತರುವಾಯ ಶಾಹಿರ ವಿಲಾಸ್ ಘೋಗ್ರೆ ಆ ದುಃಖದಲ್ಲಿ ಪ್ರಾಣ ಕಳೆದುಕೊಂಡರು. ಆನಂದ ಪಟವರ್ಧನರ 'ಜೈ ಭೀಮ್ ಕಾಮ್ರೇಡ್' ಚಿತ್ರ ಹುಟ್ಟಿದ್ದು ಅಲ್ಲಿಂದ. ಆ ಶಾಹಿರರ ಪರಂಪರೆಯೇ ಇಂದು ಸ್ಪೀಕರ್ ಪೆಟ್ಟಿಗೆಗಳನ್ನೇರಿ ನಮ್ಮ ಬೀದಿಗೆ ಬರುತ್ತಿದೆ.

ವರ್ಣಭೇದವೂ ಜಾತಿಯೂ ಒಂದೇ ಅಲ್ಲ. ಆದರೆ ನಾದವನ್ನು ಬಯಸಿ ನುಡಿಸುವವನನ್ನು ದೂರವಿಡುವ ಅಭ್ಯಾಸ ಎರಡಕ್ಕೂ ಉಂಟು. ನಮ್ಮೂರ ಜಾತ್ರೆಯಲ್ಲಿ ತಮಟೆಯಿಲ್ಲದೆ ದೇವರು ಹೊರಡುತ್ತಿರಲಿಲ್ಲ. ತಮಟೆಯವನು ಮಾತ್ರ ಗುಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬಾಲ್ಯದಲ್ಲಿ ನಾನದನ್ನು ನೋಡಿದ್ದೆ, ಪ್ರಶ್ನಿಸಲಿಲ್ಲ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಸಂತೋಷಪಟ್ಟೆ, ಆ ಮೆಟ್ಟಿಲೂ ನೆನಪಾಯಿತು.

ಹಾಗೆಂದು ಸದ್ದನ್ನು ಸಮರ್ಥಿಸಲಾರೆ. ಆ ಪೆಟ್ಟಿಗೆಗಳಿಗೆ ಅತ್ಯಂತ ಹತ್ತಿರದಲ್ಲಿ ಮಲಗುವ ಕೂಸುಗಳು, ಮುದುಕರು ರಮಾಬಾಯಿ ನಗರದವರೇ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧ. ವರ್ಷದಲ್ಲಿ ಹದಿನೈದು ದಿನ ಮೀರದಂತೆ ಸರ್ಕಾರ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಬಹುದು. ನಿಯಮದಲ್ಲಿ ಹಬ್ಬದ ಹೆಸರಿಲ್ಲ, ಜನರ ಹೆಸರೂ ಇಲ್ಲ.

ಆದ್ದರಿಂದ ನಾನು ಬರೆದ ಕರಡಿನಲ್ಲಿ 'ಸಂಸ್ಕೃತಿ' ಎಂಬ ಪದ ಇರಲಿಲ್ಲ. ಗಣೇಶ ವಿಸರ್ಜನೆ, ನವರಾತ್ರಿಯ ಗರ್ಬಾ, ಮದುವೆ ದಿಬ್ಬಣ, ಜಯಂತಿ, ಎಲ್ಲಕ್ಕೂ ಒಂದೇ ಅಳತೆ ಅನ್ವಯಿಸಬೇಕೆಂದು ಕೋರಿದ್ದೆ. ಸಮಿತಿಯವರು ಓದಿ, ಚೆನ್ನಾಗಿದೆಯೆಂದು ಹೇಳಿ ಒಳಗಿಟ್ಟರು. ಒಂದು ವಾರದ ನಂತರ ಬೇರೊಬ್ಬರು ಬರೆದ ಪತ್ರ ಸಹಿಗಾಗಿ ಮನೆಮನೆಗೆ ಬಂತು. ಜಯಂತಿಯೊಂದೇ ಅದರ ವಿಷಯ. ತಾಯಿ ಒಳಗೆ ಮಲಗಿದ್ದರು. ನಾನು ಸಹಿ ಹಾಕಲಿಲ್ಲ.