ಹೋಟೆಲಿನ ಬಾಗಿಲಿಗೆ ಬಂದ ಬಂಧುಗಳು



ಮಗ ಅಥವಾ ಮಗಳು ದೂರದ ಊರಿಗೆ ಹೋದರೆ ತಾಯಿ ಫೋನಿನಲ್ಲಿ ಮೊದಲು ಕೇಳುವುದು, "ಊಟ ಆಯ್ತಾ?" ಎಂದು. ಆಮೇಲೆ, "ಏನು ಊಟ?" ಎಂದು. ಈ ಎರಡು ಪ್ರಶ್ನೆ ಕೇಳುವವರು ಇರುವ ತನಕ ನಾವು ಅನಾಥರಲ್ಲ. ಆದರೆ ಒಂದು ವರ್ಷದ ಪ್ರಾಯದಲ್ಲೇ ತಾಯಿಯ ಮಡಿಲಿನಿಂದ ತೆಗೆದುಕೊಂಡು ಹೋದ ಮಗುವಿಗೆ ತನ್ನ ಮನೆಯ ಊಟ ಯಾವುದೆಂದು ಗೊತ್ತಾಗುವುದು ಹೇಗೆ? ಅಂಥ ಒಬ್ಬ ಮಹಿಳೆ ತೆರೆದ ಸಣ್ಣ ಹೋಟೆಲಿನ ವಿಷಯ ಈ ತಿಂಗಳು ಹೇಳುತ್ತೇನೆ.

ಕೆನಡಾದ ಪಶ್ಚಿಮ ತೀರದಲ್ಲಿರುವ ವ್ಯಾಂಕೂವರ್ ನಗರದಲ್ಲಿ 2010ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಅದೇ ವರ್ಷ ಅಲ್ಲಿನ ವೆಸ್ಟ್ ಬ್ರಾಡ್‌ವೇ ರಸ್ತೆಯಲ್ಲಿ 'ಸಾಲ್ಮನ್ ಎನ್ ಬ್ಯಾನಕ್' ಎಂಬ ಹೋಟೆಲ್ ಆರಂಭವಾಯಿತು. ದೊಡ್ಡ ಹೋಟೆಲೇನಲ್ಲ. ಕೆಲವೇ ಮೇಜುಗಳು, ಸುತ್ತಮುತ್ತಲಿನವರು ಸಂಜೆ ಬಂದು ಉಂಡು ಹೋಗುವಂಥ ಜಾಗ. ವಿಶೇಷವೆಂದರೆ ಅಲ್ಲಿ ಸಿಗುವುದು ಆ ನೆಲದ ಮೂಲನಿವಾಸಿಗಳ ಊಟ. ಅಡುಗೆ ಮಾಡುವವರೂ ಬಡಿಸುವವರೂ ಬೇರೆ ಬೇರೆ ಮೂಲನಿವಾಸಿ ಕುಲಗಳವರು. ಸ್ಥಾಪಕರಲ್ಲಿ ಒಬ್ಬರು ಇನೆಜ್ ಕುಕ್, ನುಹಾಲ್ಕ್ ಜನಾಂಗದವರು. ವಿಮಾನದಲ್ಲಿ ಪರಿಚಾರಿಕೆಯಾಗಿ ದುಡಿದವರು. ಒಕನಾಗನ್ ಪ್ರದೇಶದಲ್ಲಿ ಹೋಗುವಾಗ, "ಹೆದರಬೇಡಿ, ನಮ್ಮಲ್ಲಿ ಬ್ಯಾನಕ್ ಇದೆ" ಎಂಬ ಒಂದು ಕೆಫೆಯ ಬೋರ್ಡ್ ಕಂಡು, ವ್ಯಾಂಕೂವರ್‌ನಲ್ಲೂ ಇಂಥದ್ದೊಂದು ಏಕಿರಬಾರದು ಎಂದು ಅವರಿಗೆ ಅನ್ನಿಸಿತಂತೆ.

ಅಲ್ಲಿ ತಟ್ಟೆಗೆ ಬರುವುದು ಏನು? ಮೊದಲನೆಯದು ಸಾಲ್ಮನ್ ಮೀನು. ನಮ್ಮ ಕರಾವಳಿಯವರಿಗೆ ಬಂಗುಡೆ ಹೇಗೋ ಆ ತೀರದವರಿಗೆ ಸಾಲ್ಮನ್ ಹಾಗೆ. ಹೊಗೆಯಲ್ಲಿ ಒಣಗಿಸಿಟ್ಟರೆ ಚಳಿಗಾಲವಿಡೀ ಮನೆಗೆ ಆಧಾರ. ಎರಡನೆಯದು ಕಾಡುಕೋಣದ ಜಾತಿಯ ಬೈಸನ್ ಮಾಂಸ. ಮೂರನೆಯದು 'ವೈಲ್ಡ್ ರೈಸ್'. ಹೆಸರು ಅಕ್ಕಿಯಾದರೂ ಅದು ನಮ್ಮ ಭತ್ತವಲ್ಲ, ಕೆರೆಯ ನೀರಿನಲ್ಲಿ ತಾನಾಗಿ ಬೆಳೆಯುವ ಒಂದು ಹುಲ್ಲಿನ ಕಾಳು. ಒಜಿಬ್ವೆ ಜನರು ದೋಣಿಯಲ್ಲಿ ಹೋಗಿ, ತೆನೆಗಳನ್ನು ಕೋಲಿನಿಂದ ಬಗ್ಗಿಸಿ ಮೆಲ್ಲಗೆ ಬಡಿದು ಕಾಳು ಉದುರಿಸಿಕೊಳ್ಳುತ್ತಾರೆ. ಒಂದಷ್ಟು ನೀರಿಗೂ ಬೀಳುತ್ತದೆ. ಅದು ಮುಂದಿನ ವರ್ಷದ ಬಿತ್ತನೆ.

ಇನ್ನು ಬ್ಯಾನಕ್. ಮೈದಾ, ನೀರು, ಕೊಬ್ಬು, ಬೇಕಿಂಗ್ ಪೌಡರ್ ಸೇರಿಸಿ ಮಾಡುವ ದಪ್ಪ ರೊಟ್ಟಿ. ಈ ಹೆಸರು ಬಂದದ್ದು ತುಪ್ಪಳದ ವ್ಯಾಪಾರಕ್ಕೆ ಬಂದ ಸ್ಕಾಟ್ಲೆಂಡಿನವರಿಂದ. ಬೇಟೆ, ಮೀನುಗಾರಿಕೆಯ ನೆಲ ಕೈತಪ್ಪಿ, ಜನರು ಸರಕಾರ ಗೊತ್ತುಮಾಡಿದ ಜಾಗಗಳಲ್ಲಿ ಇರಬೇಕಾಗಿ ಬಂದಾಗ, ರೇಷನ್ ಹಿಟ್ಟು ಮತ್ತು ಕೊಬ್ಬಿನಿಂದ ಅಜ್ಜಿಯರು ಇದನ್ನೇ ಸುಟ್ಟು ಮಕ್ಕಳ ಹೊಟ್ಟೆ ತುಂಬಿಸಿದರು. ಆದ್ದರಿಂದ ಇಂದು ಕೆಲವರು "ಇದು ನಮ್ಮ ಊಟವಲ್ಲ, ನಮ್ಮ ದುಃಖದ ಗುರುತು" ಎನ್ನುತ್ತಾರೆ. ಇನ್ನು ಕೆಲವರು "ಅಜ್ಜಿಯ ಕೈರುಚಿ ಇದು, ಬಿಡಲಾರೆವು" ಎನ್ನುತ್ತಾರೆ. ಎರಡೂ ನಿಜ.

ಇನೆಜ್ ಹುಟ್ಟಿದ್ದು ಬೆಲ್ಲಾ ಕೂಲಾ ಎಂಬ ಊರಿನಲ್ಲಿ. ವ್ಯಾಂಕೂವರ್‌ನಿಂದ ರಸ್ತೆಯಲ್ಲಿ ಹೋದರೆ ಸುಮಾರು 1,000 ಕಿಲೋಮೀಟರ್. 'ಸಿಕ್ಸ್‌ಟೀಸ್ ಸ್ಕೂಪ್' ಎಂದು ಕರೆಯಲಾಗುವ ಕಾಲದಲ್ಲಿ, ಅಂದರೆ 1950ರ ದಶಕದಿಂದ 1980ರ ದಶಕದವರೆಗೆ, ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಸುಮಾರು 20,000 ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ತೆಗೆದು ಬೇರೆ ಮನೆಗಳಿಗೆ ಕೊಡಲಾಯಿತು. ಅವರಲ್ಲಿ ಒಂದು ವರ್ಷದ ಇನೆಜ್ ಕೂಡ ಒಬ್ಬರು. ಸಾಕಿದವರು ಪ್ರೀತಿಯಿಂದಲೇ ಸಾಕಿದರು. ಆದರೆ ತನ್ನ ಕುಲ, ಭಾಷೆ, ಊಟ ಯಾವುದೆಂದು ಹೇಳಿಕೊಡುವವರು ಅಲ್ಲಿರಲಿಲ್ಲ.

ಹೋಟೆಲ್ ಆರಂಭವಾದ ಮೇಲೆ ನಡೆದ ಸಂಗತಿಯೇ ನನ್ನ ಮನಸ್ಸು ಮುಟ್ಟಿದ್ದು. ನುಹಾಲ್ಕ್ ಮಹಿಳೆಯೊಬ್ಬರು ಹೋಟೆಲ್ ತೆರೆದ ಸುದ್ದಿ ಹರಡಿತು. ಆ ಮೂಲಕ ಅವರ ಜನರು ಅವರನ್ನು ಗುರುತು ಹಿಡಿದರು, ಬಂಧುಗಳು ಸಿಕ್ಕಿದರು. ಮುಂದೆ ಬೆಲ್ಲಾ ಕೂಲಾದಲ್ಲಿ ಅವರನ್ನು ಬರಮಾಡಿಕೊಂಡು ನುಹಾಲ್ಕ್ ಹೆಸರನ್ನೂ ಇಟ್ಟರು. ಸಾಲ್ಮನ್ ಮೀನು ವರ್ಷಗಟ್ಟಲೆ ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಎಮ್ಮಾವುಸಿನ ದಾರಿಯಲ್ಲಿ ಜೊತೆಗೆ ನಡೆದರೂ ಗುರುತಿಸದ ಶಿಷ್ಯರು ರೊಟ್ಟಿ ಮುರಿದಾಗ ಗುರುತಿಸಿದ್ದು ನೆನಪಾಗುತ್ತದೆ.

ಗುರುವಾದ ನಾನು ಇಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಇದಕ್ಕೂ ಹಿಂದೆ, ಸರಕಾರದ ಹಣದಿಂದ ನಡೆದ ವಸತಿ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಸೇರಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ನಡೆಸಿದ್ದು ನಮ್ಮದೇ ಕಥೋಲಿಕ ಸಂಸ್ಥೆಗಳು. ಅಲ್ಲಿ ಮಕ್ಕಳು ಮನೆಭಾಷೆ ಆಡಿದರೆ ಶಿಕ್ಷೆ. ಅನೇಕರು ಹಸಿವಿನಲ್ಲೇ ಬೆಳೆದರು. 1948ರಿಂದ 1952ರವರೆಗೆ ಆರು ಶಾಲೆಗಳ ಹಸಿದ ಮಕ್ಕಳ ಮೇಲೆ ಸರಕಾರಿ ವಿಜ್ಞಾನಿಗಳು ಪೌಷ್ಟಿಕಾಂಶದ ಪ್ರಯೋಗ ನಡೆಸಿದ್ದು 2013ರಲ್ಲಿ ಬಯಲಾಯಿತು. ಆ ತೀರದವರ 'ಪಾಟ್‌ಲ್ಯಾಚ್' ಎಂಬ ಸಂತರ್ಪಣೆಯನ್ನು, ಅಂದರೆ ಮನೆಯವರು ತಮ್ಮ ಸಂಪತ್ತನ್ನು ಬಂದವರಿಗೆ ಹಂಚುವ ಹಬ್ಬವನ್ನು, 1885ರಿಂದ 1951ರವರೆಗೆ ಕಾನೂನು ನಿಷೇಧಿಸಿತ್ತು. ಹಂಚಿ ತಿನ್ನುವುದನ್ನು ಅಪರಾಧವೆಂದ ಕಾನೂನಿಗೆ ಒತ್ತಾಯಿಸಿದವರಲ್ಲಿ ಮಿಷನರಿಗಳೂ ಇದ್ದರು. 2022ರ ಜುಲೈ 25ರಂದು ದಿವಂಗತ ಪೋಪ್ ಫ್ರಾನ್ಸಿಸ್‌ರವರು ಗಾಲಿಕುರ್ಚಿಯಲ್ಲಿ ಆಲ್ಬರ್ಟಾದ ಮಾಸ್ಕ್‌ವಾಸಿಸ್‌ಗೆ ಹೋಗಿ, ಈ ಶಾಲೆಗಳಲ್ಲಿ ನಡೆದುದಕ್ಕಾಗಿ ಮೂಲನಿವಾಸಿಗಳ ಎದುರು ಕ್ಷಮೆ ಬೇಡಿದರು. ಕೆಲವರ ಕಣ್ಣು ತುಂಬಿತು, ಕೆಲವರಿಗೆ ಅಷ್ಟು ಸಾಲದೆನಿಸಿತು. ಕ್ಷಮೆ ಬೇಡುವುದು ನಮ್ಮ ಪಾಲು. ಎಷ್ಟು ಸಾಕು ಎನ್ನುವುದು ನೊಂದವರ ಪಾಲು.

ಕೆನಡಾ ದೂರ ಎನ್ನುತ್ತೀರಾ? ಮಂಜೇಶ್ವರ, ಕಾಸರಗೋಡಿನ ನಮ್ಮ ನೆರೆಯಲ್ಲೇ ಬುಟ್ಟಿ ಹೆಣೆಯುವ ಕೊರಗರಿದ್ದಾರೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದ 'ಅಜಲು' ಪದ್ಧತಿ ತುಳುನಾಡಿನಲ್ಲಿತ್ತು. ಅದನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಅವರು ಹೆಣೆದ ಬುಟ್ಟಿ ನಮ್ಮ ಅಡುಗೆಕೋಣೆಯಲ್ಲಿರಬಹುದು. ಆದರೆ ಅವರ ಮನೆಯ ಊಟದ ರುಚಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬಡವರಿಗೆ ಊಟ ಕೊಡುವುದು ಪುಣ್ಯವೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಒಳ್ಳೆಯದೇ. ಆದರೆ ಕೊಡುವ ಕೈ ಯಾವಾಗಲೂ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ವ್ಯಾಂಕೂವರ್‌ನ ಆ ಹೋಟೆಲಿನಲ್ಲಿ ಮೂಲನಿವಾಸಿಗಳು ಬಡಿಸುತ್ತಾರೆ, ಊರಿನವರು ಕುಳಿತು ಉಣ್ಣುತ್ತಾರೆ, ಹಣ ಕೊಟ್ಟು ಧನ್ಯವಾದ ಹೇಳಿ ಹೋಗುತ್ತಾರೆ. ಮುಂದಿನ ಹಬ್ಬಕ್ಕೆ ನಿಮ್ಮ ನೆರೆಯವರನ್ನು ಊಟಕ್ಕೆ ಕರೆಯಿರಿ. ಅವರು ಕರೆದಾಗ ನೆಪ ಹೇಳದೆ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಮನೆಯಲ್ಲಿ ಕುಳಿತು, ಬಡಿಸಿದ್ದನ್ನು ಉಂಡು ಬನ್ನಿ.