ಕಲಿತ ಹಾಡಿಗೂ ಹದ ಬೇಕು

ಚಳಿಗಾಲವಿಡೀ ಕರ್ಕಶವಾಗಿ ಚೀರಿ ಸುಮ್ಮನಾಗುವ ಹಿತ್ತಿಲಿನ ಮಡಿವಾಳ ಹಕ್ಕಿ, ಮಾರ್ಚ್ ಬಂತೆಂದರೆ ತೆಂಗಿನ ಗರಿಯ ತುದಿಗೇರಿ ನಸುಕಿನಲ್ಲೇ ಹಾಡು ಶುರುಮಾಡುತ್ತದೆ. ‘ಅದನ್ನು ಹಾಡಿಸುವುದು ಹಾರ್ಮೋನೇ’ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ನಾಲ್ಕು ಆಕ್ಷೇಪಗಳು ಬಂದವು. ಒಂದೊಂದಾಗಿ ನೋಡೋಣ.

‘ಹಾಡು ಕಲಿತು ಬರುವಂಥದ್ದು. ಅಲ್ಲಿ ಹಾರ್ಮೋನಿಗೇನು ಕೆಲಸ?’

ಕಲಿಯಬೇಕು, ನಿಜ. ದೊಡ್ಡವರ ಹಾಡು ಕಿವಿಗೆ ಬೀಳದೆ ಬೆಳೆದ ಮರಿ ಅರೆಬರೆಯಾಗಿ ಹಾಡುತ್ತದೆ. ಆದರೆ ಕಲಿತದ್ದನ್ನು ಗಂಟಲಿಗೆ ತಲುಪಿಸುವ ಮಿದುಳಿನ ಜಾಲ ವರ್ಷವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅದರ ಮುಖ್ಯ ಕೇಂದ್ರ ಮುಮ್ಮಿದುಳಿನ ಎಚ್‌ವಿಸಿ. ವಸಂತದಲ್ಲಿ, ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಏರಿರುವಾಗ, ಗಂಡು ಕೆನೇರಿಯ ಎಚ್‌ವಿಸಿ ಶರತ್ಕಾಲದ ಗಾತ್ರಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಇರುತ್ತದೆ ಎಂದು ವಿಜ್ಞಾನಿ ಫರ್ನಾಂಡೊ ನಾಟ್ಟೆಬೋಮ್ 1981ರಲ್ಲಿ ತೋರಿಸಿದರು. ಕಲಿಕೆ ಬೀಜವಾದರೆ ಹಾರ್ಮೋನು ನೆಲದ ಹದ. ಇವೆರಡರಲ್ಲಿ ಒಂದನ್ನು ಆರಿಸಿ ಎನ್ನುವುದೇ ತಪ್ಪು ಪ್ರಶ್ನೆ.

‘ಹಾರ್ಮೋನು ಹುರುಪು ಕೊಡುತ್ತದೆ ಅಷ್ಟೆ, ಮಿದುಳನ್ನು ಮುಟ್ಟುವುದಿಲ್ಲ.’

ವಯಸ್ಕ ಹೆಣ್ಣು ಕೆನೇರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಅದು ಗಂಡಿನಂತೆ ಹಾಡತೊಡಗಿತು. ಅದರ ಎಚ್‌ವಿಸಿ ಶೇ. 90ರಷ್ಟು ಹಿಗ್ಗಿತ್ತು. ಇದು 1980ರ ಮಾತು. ಇನ್ನೂ ಸೂಕ್ಷ್ಮವಾದದ್ದು 2013ರ ಪ್ರಯೋಗ. ವೃಷಣ ತೆಗೆದ ಗಂಡು ಕೆನೇರಿಗಳಲ್ಲಿ ಕೆಲವಕ್ಕೆ ಟೆಸ್ಟೊಸ್ಟೆರಾನನ್ನು ಮೈಗೆಲ್ಲ ಸೇರುವಂತೆ ಕೊಟ್ಟರು, ಇನ್ನು ಕೆಲವಕ್ಕೆ ಲೈಂಗಿಕ ಪ್ರೇರಣೆಗೆ ಸಂಬಂಧಿಸಿದ ಒಂದೇ ಒಂದು ಮಿದುಳಿನ ಬಿಂದುವಿಗೆ ಹಾಕಿದರು. ಎರಡನೆಯ ಗುಂಪಿನ ಹಕ್ಕಿಗಳೂ ಬಿಡುವಿಲ್ಲದೆ ಹಾಡಿದವು. ಆದರೆ ಹಾಡು ಪಳಗಿರಲಿಲ್ಲ, ಹಾಡಿದ್ದನ್ನೇ ಮತ್ತೆ ಹಾಡುವಾಗ ಅದೇ ಅಚ್ಚು ಮೂಡುತ್ತಿರಲಿಲ್ಲ. ಹುರುಪು ಒಂದು ಕಡೆ, ಹದ ಇನ್ನೊಂದು ಕಡೆ. ಹಾರ್ಮೋನು ಎರಡೂ ಕಡೆ ಕೈಯಾಡಿಸುತ್ತದೆ.

‘ಹೆಣ್ಣು ಹಾಡುವ ಜಾತಿಗಳೂ ಇವೆಯಲ್ಲ, ನಿಮ್ಮ ಟೆಸ್ಟೊಸ್ಟೆರಾನ್ ಕತೆ ಮುಗಿಯಿತು.’

ಇವೆ, ಬೇಕಾದಷ್ಟಿವೆ. 2014ರ ಸಮೀಕ್ಷೆಯೊಂದು ನೋಡಿದ ಹಾಡುಹಕ್ಕಿ ಜಾತಿಗಳಲ್ಲಿ ಶೇ. 71ರಲ್ಲಿ ಹೆಣ್ಣೂ ಹಾಡುತ್ತಿತ್ತು. ಇದನ್ನು ಬಹಳ ಕಾಲ ಕಡೆಗಣಿಸಿದ್ದು ವಿಜ್ಞಾನದ ತಪ್ಪು. ಆದರೆ ಹಾರ್ಮೋನು ಎಂದರೆ ಟೆಸ್ಟೊಸ್ಟೆರಾನ್ ಒಂದೇ ಎಂದು ಹೇಳಿದವರು ಯಾರು? ಸಂವಹನದಲ್ಲಿ ಕೂಗುವವರಷ್ಟೇ ಅಲ್ಲ, ಕೇಳುವವರೂ ಇದ್ದಾರೆ. ಕ್ಯಾಲಿಫೋರ್ನಿಯಾ ಕರಾವಳಿಯ ಮಿಡ್‌ಶಿಪ್‌ಮನ್ ಮೀನಿನ ಗಂಡು ರಾತ್ರಿ ಕಲ್ಲಿನಡಿ ಕೂತು ಮೋಟರಿನಂತೆ ಗುಂಯ್‌ಗುಡುತ್ತದೆ. ಸಾಸಲಿಟೊದ ದೋಣಿಮನೆಗಳಲ್ಲಿ ಮಲಗಿದವರ ನಿದ್ದೆಗೆಡಿಸಿದ್ದು ಈ ಸದ್ದೇ. ಸಂತಾನ ಕಾಲದಲ್ಲಿ ಹೆಣ್ಣಿನ ಕಿವಿ ಆ ಗುಂಯ್‌ನ ಮೇಲಿನ ಸ್ವರಗಳಿಗೂ ಚುರುಕಾಗುತ್ತದೆ. ಉಳಿದ ಕಾಲದಲ್ಲೂ ಈಸ್ಟ್ರಡಯಾಲ್ ಎಂಬ ಇನ್ನೊಂದು ಹಾರ್ಮೋನು ಅಥವಾ ಟೆಸ್ಟೊಸ್ಟೆರಾನ್ ಕೊಟ್ಟರೆ ಅದೇ ಚುರುಕು ಬರುತ್ತದೆ ಎಂದು 2004ರಲ್ಲಿ ತಿಳಿಯಿತು. ಇತ್ತ ಜೀಬ್ರಾ ಫಿಂಚ್ ಹಕ್ಕಿ ಹಾಡು ಕೇಳಿದ ಅರ್ಧ ಗಂಟೆಯೊಳಗೆ ಅದರ ಮಿದುಳಿನ ಶ್ರವಣ ಭಾಗದಲ್ಲೇ ಈಸ್ಟ್ರಡಯಾಲ್ ಏರುತ್ತದೆ. ಕತೆ ಮುಗಿದಿಲ್ಲ, ಹಿಗ್ಗಿದೆ.

‘ಎಲ್ಲ ವಂಶವಾಹಿಯ ಆಟ.’

ನಾಲ್ಕರಲ್ಲಿ ಗಟ್ಟಿಯಾದ ವಾದ ಇದು. 2003ರಲ್ಲಿ ವರದಿಯಾದ ಒಂದು ಜೀಬ್ರಾ ಫಿಂಚ್ ಬಲಕ್ಕೆ ಗಂಡು, ಎಡಕ್ಕೆ ಹೆಣ್ಣು. ಎರಡೂ ಬದಿಗೆ ಹರಿಯುತ್ತಿದ್ದುದು ಒಂದೇ ರಕ್ತ, ಒಂದೇ ಹಾರ್ಮೋನು. ಆದರೂ ಹಾಡಿನ ಜಾಲ ಬಲಗಡೆಯೇ ಹೆಚ್ಚು ಗಂಡಾಗಿತ್ತು. ಹಾರ್ಮೋನೊಂದೇ ಎಲ್ಲವನ್ನೂ ಕಟ್ಟುವುದಾದರೆ ಹೀಗಾಗಬಾರದಿತ್ತು. ಒಪ್ಪಿದೆ. ಆದರೆ ಅದೇ ಹಕ್ಕಿಯ ಎಡಗಡೆಯನ್ನೂ ನೋಡಿ. ಅದೂ ಮಾಮೂಲಿ ಹೆಣ್ಣಿನದಕ್ಕಿಂತ ಗಂಡಿನ ಕಡೆಗೇ ವಾಲಿತ್ತು. ಗಡಿ ದಾಟಿ ಹೋದದ್ದು ಏನೋ ಇದೆ, ಹಾರ್ಮೋನು ಅದರಲ್ಲಿ ಮೊದಲ ಶಂಕಿತ. ನೀವು ಕರೆತಂದ ಸಾಕ್ಷಿ ಅರ್ಧ ನಿಮ್ಮ ಪರ, ಅರ್ಧ ನನ್ನ ಪರ ನುಡಿಯುತ್ತದೆ.

ಹಾಗಾಗಿ ನನ್ನ ಮಾತಿನಲ್ಲಿ ಒಂದು ತಿದ್ದುಪಡಿ. ‘ಹಾಡಿಸುವುದು ಹಾರ್ಮೋನೇ’ ಎಂದಿದ್ದೆನಲ್ಲ, ಕೊನೆಯ ಆ ಏಕಾರವನ್ನು ಹಿಂತೆಗೆದುಕೊಳ್ಳುತ್ತೇನೆ. ಹಾರ್ಮೋನನ್ನಲ್ಲ.