ವಡಗಾವಿ ಮಕ್ಕಳಿಗೆ ಎಂಥ ಕ್ಲೌಡ್ ಕಲಿಕೆ ಬೇಕು

"ಸರ, ಈ ಕ್ಲೌಡ್ ಕೋರ್ಸ್ ಮಾಡಿಸಿದ್ರ ಹುಡುಗಗ ನೌಕರಿ ಹತ್ತತೈತೇನ್ರಿ?" ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಈ ಪ್ರಶ್ನೆ ಈಗ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಪಾವರ್‌ಲೂಮ್ ನಂಬಿ ಮಕ್ಕಳನ್ನು ಬಿ.ಇ.ವರೆಗೆ ಓದಿಸಿದವರು. ಅವರ ಕೈಯಲ್ಲಿರುವ ಕರಪತ್ರದಲ್ಲಿ ಕೆಲವೇ ತಿಂಗಳಲ್ಲಿ ಮಲ್ಟಿಕ್ಲೌಡ್ ಆರ್ಕಿಟೆಕ್ಟ್ ಮಾಡಿಬಿಡುವ ಭರವಸೆ ಇರುತ್ತದೆ. ಕಟ್ಟಬೇಕಾದ ಫೀ ಒಂದು ಕುಟುಂಬದ ತಿಂಗಳುಗಳ ದುಡಿಮೆ. ಆ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ನಮ್ಮ ಮೇಲಿನ ಋಣ.

ಮೊದಲು, ಈ ಆರ್ಕಿಟೆಕ್ಟ್ ಮಾಡುವ ಕೆಲಸವಾದರೂ ಏನು? ಕ್ಲೌಡ್ ಅಂದರೆ ಬಾಡಿಗೆಗೆ ಸಿಗುವ ಕಂಪ್ಯೂಟರುಗಳು. ಅಮೆಜಾನ್ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ಇವನ್ನು ಇಟ್ಟಿದೆ. ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಗೂಗಲ್‌ಗೆ ಮುಂಬೈ, ದಿಲ್ಲಿಗಳಲ್ಲಿ ಕೇಂದ್ರಗಳಿವೆ. ಒಂದು ಸಂಸ್ಥೆಯ ಲೆಕ್ಕಪತ್ರ, ವ್ಯವಹಾರಗಳನ್ನು ಒಬ್ಬರಿಗಿಂತ ಹೆಚ್ಚು ಮಾಲೀಕರ ಯಂತ್ರಗಳ ಮೇಲೆ ಹಂಚಿ, ಒಂದು ನಿಂತರೂ ಇನ್ನೊಂದರಲ್ಲಿ ಕೆಲಸ ಸಾಗುವಂತೆ ಯೋಜನೆ ಹಾಕುವವರು ಮಲ್ಟಿಕ್ಲೌಡ್ ಆರ್ಕಿಟೆಕ್ಟ್.

ವಡಗಾವಿಯ ನೇಕಾರರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಕೊಡುವವನೂ ಅವನೇ, ಸೀರೆ ಒಯ್ಯುವವನೂ ಅವನೇ, ಮಜೂರಿ ಗೊತ್ತುಮಾಡುವವನೂ ಅವನೇ ಆದಾಗ ಸಾವಕಾರನನ್ನು ಬಿಟ್ಟು ಹೊರಬರುವುದು ಎಷ್ಟು ಕಷ್ಟ ಎಂಬುದನ್ನು ಅವರು ಉಂಡು ಬಲ್ಲರು. ಕ್ಲೌಡ್ ಕಂಪನಿಗಳ ವ್ಯವಹಾರವೂ ಹಾಗೆಯೇ ಬೆಳೆದಿದೆ. ಡೇಟಾ ಒಳಗೆ ಹಾಕುವುದು ಪುಕ್ಕಟೆ, ಹೊರಗೆ ತೆಗೆಯಲು ದುಡ್ಡು. ಪೂರ್ತಿ ಬಿಟ್ಟು ಹೋಗುವ ಗ್ರಾಹಕರಿಗೆ ಈ ಶುಲ್ಕವನ್ನು ಗೂಗಲ್ 2024ರ ಜನವರಿಯಲ್ಲಿ, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿ ಮನ್ನಾ ಮಾಡಿದವು. ದಿನನಿತ್ಯದ ಸಾಗಣೆಯ ಬಾಡಿಗೆ ಮಾತ್ರ ತಪ್ಪಿಲ್ಲ.

ಒಬ್ಬರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರದ, ಹತ್ತಿರದ ಉದಾಹರಣೆಗಳು ಸಾಕಷ್ಟಿವೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿ ಗೂಗಲ್ ಕ್ಲೌಡ್‌ನಲ್ಲಿ ಇಟ್ಟಿದ್ದ ವ್ಯವಸ್ಥೆ ಗೂಗಲ್ ಕಡೆಯ ಒಂದು ತಪ್ಪಿನಿಂದ ಅಳಿಸಿಹೋಯಿತು. 5 ಲಕ್ಷಕ್ಕೂ ಹೆಚ್ಚು ಸದಸ್ಯರು ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಬೇರೊಂದು ಕಂಪನಿಯಲ್ಲಿ ಇರಿಸಿದ್ದ ಪ್ರತಿ ಆಗ ಕೈಹಿಡಿಯಿತು. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ಮೈಕ್ರೋಸಾಫ್ಟ್ ನಮ್ಮದೇ ದೇಶದ ನಯಾರಾ ಎನರ್ಜಿಯ ಸೇವೆಗಳನ್ನು ತಡೆಹಿಡಿದಾಗ, ಗುಜರಾತಿನಲ್ಲಿ ತೈಲ ಸಂಸ್ಕರಿಸುವ ಆ ಕಂಪನಿ ದಿಲ್ಲಿ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಆಮೇಲೆ ಸೇವೆ ಮರಳಿತು ಅನ್ನಿ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ಪಾಠವೊಂದಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಅದರ ತಂತ್ರಾಂಶ ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕುಗಳನ್ನು ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ಅವು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಬೆಳಗಾವಿ ಎಂದರೆ ಸಹಕಾರಿ ಸಂಘ, ಸೌಹಾರ್ದಗಳ ನಾಡು. ಈ ಸುದ್ದಿ ಓದಿ ನಮ್ಮಲ್ಲಿ ಎಷ್ಟು ಆಡಳಿತ ಮಂಡಳಿಗಳು ತಮ್ಮ ವ್ಯವಸ್ಥೆಯನ್ನು ಮತ್ತೊಮ್ಮೆ ಪರಿಶೀಲಿಸಿದವು?

ಆರ್ಕಿಟೆಕ್ಟ್ ಕೆಲಸದ ಒಳಗುಟ್ಟು ತಿಳಿಯಲು ನಮ್ಮ ಪಿಗ್ಮಿ ಏಜೆಂಟರನ್ನೇ ನೋಡಿ. ಸಂಜೆ ಹೊತ್ತು ಕೈಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ 50, 100 ರೂಪಾಯಿ ಪಡೆದು ರಸೀದಿ ಕೊಡುತ್ತಾರೆ. ಆ ಹೊತ್ತಿನಲ್ಲೇ ಮುಂಬೈಯ ಕ್ಲೌಡ್ ಜೊತೆಗಿನ ಸಂಪರ್ಕ ಕಡಿದುಬಿತ್ತು ಅನ್ನಿ. ರಸೀದಿ ಎಲ್ಲಿ ಉಳಿಯಬೇಕು? ಸಂಪರ್ಕ ಮರಳಿದಾಗ ಯಂತ್ರ ಅದೇ ಜಮಾವನ್ನು ಎರಡು ಸಲ ಕಳಿಸಿದರೆ, ಒಂದೇ ಸಲ ಲೆಕ್ಕಕ್ಕೆ ಹಿಡಿಯುವಂತೆ ಮಾಡುವುದು ಹೇಗೆ? ಹೈದರಾಬಾದಿನ ಇನ್ನೊಂದು ಕಂಪನಿಯ ಯಂತ್ರ ಕೆಲಸ ಎತ್ತಿಕೊಂಡಿದ್ದರೆ, ಎರಡೂ ಕಡೆ ಒಂದೇ ಖಾತೆಯಲ್ಲಿ ಬೇರೆ ಬೇರೆ ಮೊತ್ತ ಬಿದ್ದಾಗ ಯಾವುದನ್ನು ನಂಬಬೇಕು? ಎಷ್ಟು ನಿಮಿಷದ ನಮೂದು ಹೋದರೆ ಸಂಘ ತಡೆದುಕೊಳ್ಳಬಲ್ಲದು, ಎಷ್ಟು ಗಂಟೆ ಕೌಂಟರ್ ಮುಚ್ಚಿದರೆ ನಡೆಯುತ್ತದೆ? ಇದನ್ನು ಸಂಘದ ವ್ಯವಸ್ಥಾಪಕರ ಎದುರು ಕೂತು, ಅವರ ಭಾಷೆಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು. ಎರಡನೇ ಕ್ಲೌಡ್‌ಗೆ ಆಗುವ ಖರ್ಚು ಆ ಸಂಘಕ್ಕೆ ಭಾರವಾದರೆ "ನಿಮಗೆ ಮಲ್ಟಿಕ್ಲೌಡ್ ಬೇಡ, ಇನ್ನೊಂದು ಕಡೆ ಬ್ಯಾಕಪ್ ಇದ್ದರೆ ಸಾಕು" ಎಂದು ಹೇಳುವ ಪ್ರಾಮಾಣಿಕತೆಯೂ ಈ ವೃತ್ತಿಯ ಭಾಗ.

ಇದೆಲ್ಲ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಎಷ್ಟು ಬರುತ್ತದೆ? ಸ್ವಲ್ಪ ಬರುತ್ತದೆ, ಇಲ್ಲವೆನ್ನಲಾರೆ. ಅಮೆಜಾನ್‌ನ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯಲ್ಲಿ 65 ಪ್ರಶ್ನೆ, 130 ನಿಮಿಷ, ಶುಲ್ಕ 150 ಡಾಲರ್. ಪ್ರಮಾಣಪತ್ರಕ್ಕೆ 3 ವರ್ಷದ ಆಯುಷ್ಯ. ಗೂಗಲ್‌ನ ಪ್ರೊಫೆಷನಲ್ ಕ್ಲೌಡ್ ಆರ್ಕಿಟೆಕ್ಟ್‌ಗೆ 200 ಡಾಲರ್, 2 ವರ್ಷ. ಮೈಕ್ರೋಸಾಫ್ಟ್‌ನ ಆರ್ಕಿಟೆಕ್ಟ್ ಪ್ರಮಾಣಪತ್ರ ಬೇಕಾದರೆ ಮೊದಲು ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಪಾಸಾಗಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು, ನವೀಕರಣ ಪುಕ್ಕಟೆ. ಈ ಪರೀಕ್ಷೆಗಳು ಹೆಚ್ಚಾಗಿ ಉತ್ತರ ಆರಿಸುವಂಥವು. ಹಾಗಾಗಿಯೇ 'ಡಂಪ್' ಎಂಬ ಕದ್ದ ಪ್ರಶ್ನೆಗಳ ಗಂಟನ್ನು ಬಾಯಿಪಾಠ ಮಾಡಿಸುವ ದಂಧೆ ನಡೆದಿದೆ. ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಒಂದು ನೆಟ್‌ವರ್ಕ್ ನಕ್ಷೆ ಬಿಡಿಸಲು ಹೇಳಿದ ಕೂಡಲೇ ಬಣ್ಣ ಬಯಲಾಗುತ್ತದೆ.

ಮಲ್ಟಿಕ್ಲೌಡ್ ಆರ್ಕಿಟೆಕ್ಟ್ ಎಂಬ ಹೆಸರಿನದೇ ಪ್ರಮಾಣಪತ್ರವನ್ನು ಒರಾಕಲ್ ಕೊಡುತ್ತದೆ. ಅದರ ಮುಖ್ಯ ಕಾಳಜಿ ಒರಾಕಲ್‌ನ ಡೇಟಾಬೇಸನ್ನು ಬೇರೆಯವರ ಕ್ಲೌಡ್ ಜೊತೆ ಜೋಡಿಸುವುದು. ತಪ್ಪೇನಿಲ್ಲ, ಕಂಪನಿ ತನ್ನ ಸರಕನ್ನೇ ಕಲಿಸುತ್ತದೆ. ಆದರೆ ಯಾರ ಪಕ್ಷವನ್ನೂ ಹಿಡಿಯದೆ ಗ್ರಾಹಕನ ಪರವಾಗಿ ಯೋಚಿಸಲು ಕಲಿಸುವ ಹೊಣೆ ಮಾರಾಟಗಾರರದ್ದಲ್ಲ. ಅದು ವಿಶ್ವವಿದ್ಯಾಲಯದ್ದು.

ಆ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇದೆ ಎಂಬುದು ಬೆಳಗಾವಿಯವರಿಗೆ ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಖಾನಾಪುರ ರಸ್ತೆ ಹಿಡಿದು ಉದ್ಯಮಬಾಗದ ಗೋಗಟೆ, ಶೇಷಗಿರಿ ಕಾಲೇಜುಗಳನ್ನು ದಾಟಿ ಮಚ್ಛೆಗೆ ಹೋದರೆ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ, ಜ್ಞಾನ ಸಂಗಮ. 1998ರಿಂದ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳ ಪಠ್ಯ ರೂಪುಗೊಳ್ಳುವುದು ಇಲ್ಲೇ. ವಿಟಿಯು 2022ರ ಪಠ್ಯಕ್ರಮದಲ್ಲಿ ಕ್ಲೌಡ್ ಕಂಪ್ಯೂಟಿಂಗ್ ವಿಷಯ ಇದೆ. ಇರುವ ವಿಷಯವನ್ನು ಕೈಗೆ ಹತ್ತಿಸುವ ಕೆಲಸ ಬಾಕಿ ಇದೆ.

ಪರೀಕ್ಷೆ ಹೇಗಿರಬಹುದು ಎಂಬುದಕ್ಕೆ ಮಾದರಿ ಹುಡುಕಬೇಕಿಲ್ಲ. ತಂತ್ರಾಂಶಗಳನ್ನು ಹಲವು ಯಂತ್ರಗಳ ಮೇಲೆ ನಡೆಸುವ ಕುಬರ್ನೆಟಿಸ್ ಎಂಬ ವ್ಯವಸ್ಥೆಯ ಅಡ್ಮಿನಿಸ್ಟ್ರೇಟರ್ ಪ್ರಮಾಣಪತ್ರದ ಪರೀಕ್ಷೆಯಲ್ಲಿ 2 ಗಂಟೆ ಕಾಲ ಕಮಾಂಡ್ ಕೊಟ್ಟು, ಕೆಟ್ಟದ್ದನ್ನು ಸರಿಮಾಡಿ ತೋರಿಸಬೇಕು. ವಿಟಿಯು ಜ್ಞಾನ ಸಂಗಮದಲ್ಲಿ ಒಂದು ಸಾಮಾನ್ಯ ಲ್ಯಾಬ್ ತೆರೆಯಲಿ. ಲಿನಕ್ಸ್, ನೆಟ್‌ವರ್ಕಿಂಗ್, ಡೇಟಾಬೇಸ್ ಗಟ್ಟಿಯಾದ ಮೇಲೆ ಎರಡು ಕಂಪನಿಗಳ ಕ್ಲೌಡ್ ಮೇಲೆ ಒಂದೇ ವ್ಯವಸ್ಥೆ ಕಟ್ಟಿಸಿ, ಅದರಲ್ಲಿ ಒಂದನ್ನು ಬೇಕೆಂದೇ ಕೆಡವಿ, ವಿದ್ಯಾರ್ಥಿ ಎಷ್ಟು ಹೊತ್ತಿನಲ್ಲಿ ಎತ್ತಿ ನಿಲ್ಲಿಸುತ್ತಾನೆ ನೋಡಿ ಅಂಕ ಕೊಡಲಿ. ಸಂಜೆ ತರಗತಿಗಳಿರಲಿ, ಹಗಲು ಉದ್ಯಮಬಾಗದಲ್ಲಿ ದುಡಿಯುವ ಡಿಪ್ಲೊಮಾ ಹುಡುಗರೂ ಬರಲಿ. ಜಾಂಬೋಟಿ, ಕಣಕುಂಬಿ ಕಡೆಯ ಮಕ್ಕಳಿಗೆ ಆನ್‌ಲೈನ್ ಪಾಠ ಎಂದರೆ ಸಿಗ್ನಲ್ ಹುಡುಕುವ ಪಾಡು. ಅವರಿಗೆ ವಸತಿ ಸಹಿತ ತರಬೇತಿಯೇ ಬೇಕು. ಪಾಠ ಕನ್ನಡದಲ್ಲಿ ನಡೆದರೆ ಯಾರ ಗಂಟೂ ಹೋಗುವುದಿಲ್ಲ. ಅರ್ಥವಾದ ಮೇಲೆ ಇಂಗ್ಲಿಷಿನ ಪರೀಕ್ಷೆಯನ್ನೂ ನಮ್ಮ ಮಕ್ಕಳು ಬರೆಯಬಲ್ಲರು.

'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಸರ್ಕಾರ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ತಂತ್ರಜ್ಞಾನ ವಲಯ ಎಂದು ಗುರುತಿಸಿದೆ. ಅದಕ್ಕೆ ಅರ್ಥ ಬರಬೇಕಾದರೆ ಈ ಲ್ಯಾಬ್‌ನಲ್ಲಿ ತೇರ್ಗಡೆಯಾದವರ ಕಂಪನಿ ಪರೀಕ್ಷೆಯ ಶುಲ್ಕವನ್ನು ಸರ್ಕಾರವೇ ಭರಿಸಲಿ. ಜಿಲ್ಲೆಯ ಸೌಹಾರ್ದಗಳು, ಸಕ್ಕರೆ ಕಾರ್ಖಾನೆಗಳು, ಆಸ್ಪತ್ರೆಗಳು ಅವರನ್ನು ತರಬೇತಿ ಅವಧಿಗೆ ಕೆಲಸಕ್ಕೆ ತೆಗೆದುಕೊಳ್ಳಲಿ.

ಅಲ್ಲಿಯವರೆಗೆ ವಡಗಾವಿಯ ತಂದೆ ತಾಯಂದಿರಿಗೆ ನನ್ನ ಉತ್ತರ ಇಷ್ಟು. ಬರೀ ಪ್ರಮಾಣಪತ್ರ ನೋಡಿ ಹೊಸಬರನ್ನು ಆರ್ಕಿಟೆಕ್ಟ್ ಹುದ್ದೆಗೆ ಕೂರಿಸುವವರಿಲ್ಲ. ಆ ಹೆಸರು ವರ್ಷಗಳ ಕೆಲಸದ ನಂತರ ಬರುತ್ತದೆ. ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ವೇದಿಕೆಯಲ್ಲಿ ಐಐಟಿ ಖರಗ್‌ಪುರದ ಕ್ಲೌಡ್ ಕಂಪ್ಯೂಟಿಂಗ್ ಪಾಠ ಪುಕ್ಕಟೆ ಇದೆ, ಮೊದಲು ಅದನ್ನು ಮುಗಿಸಲಿ. ಮೈಕ್ರೋಸಾಫ್ಟ್ ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಕೇಳದೆ 100 ಡಾಲರ್ ಮೌಲ್ಯದ ಕ್ಲೌಡ್ ಕೊಡುತ್ತದೆ, ಅದರಲ್ಲಿ ಕೈ ಪಳಗಿಸಿಕೊಳ್ಳಲಿ. ನಿಮ್ಮ ಕಾರ್ಡ್ ಹಾಕಿ ಖಾತೆ ತೆರೆದಿದ್ದರೆ ಬಿಲ್ಲಿನ ಎಚ್ಚರಿಕೆ ಇಟ್ಟುಕೊಳ್ಳಿ, ಬಳಸಿದ ಯಂತ್ರವನ್ನು ಅಂದೇ ಅಳಿಸಲು ಹೇಳಿ. ಆಮೇಲೂ ತರಬೇತಿ ಕೇಂದ್ರಕ್ಕೆ ಸೇರಿಸುವುದಾದರೆ, ಹಣ ಕಟ್ಟುವ ಮುಂಚೆ ಅಲ್ಲಿನ ಲ್ಯಾಬ್ ತೋರಿಸಲು ಕೇಳಿ. ತೋರಿಸದಿದ್ದರೆ ಫೀ ಕಟ್ಟಬೇಡಿ.